ಅತ್ತೆ ಬಂದ ದಿನ ಅವರೆಸಿಪ್ಪೆ

"ನಿನ್ನೆ ರಾತ್ರಿ ಏನುಂಡೆ ಮಗ?"

"ಬ್ರೆಡ್ಡು ಅಜ್ಜಿ."

"ಮೊನ್ನೆ?"

"ಮೊನ್ನೇನೂ ಬ್ರೆಡ್ಡೇ."

"ಅದ್ಕೂ ಮೊದ್ಲು?"

"ಅವತ್ತು ಬನ್ನು."

ಫೋನು ಸ್ಪೀಕರಿನಲ್ಲಿತ್ತು. ನನ್ನ ಎರಡೂ ಕೈ ಸಿಂಕಿನಲ್ಲಿ, ಸೋಪಿನ ನೊರೆಯಲ್ಲಿ. ಒರೆಸಿಕೊಂಡು ಓಡಿಬರುವಷ್ಟರಲ್ಲಿ ಇಂಚರಾ ಸಾಕ್ಷಿ ಪೂರ್ತಿ ಹೇಳಿ ಮುಗಿಸಿದ್ದಳು. ನನ್ನ ಮಗಳು, ಮೂರನೇ ಕ್ಲಾಸು. ಸುಳ್ಳು ಹೇಳಬಾರದು ಅಂತ ಅವಳಿಗೆ ನಾನೇ ಕಲಿಸಿದ್ದೆ. (ಯಾವ ಘಳಿಗೆಯಲ್ಲಿ ಕಲಿಸಿದೆನೋ!)

ಆ ಕಡೆಯಿಂದ ಅಜ್ಜಿ ಮೆಲ್ಲಗೆ ಕೇಳಿದರು, "ಯಾಕವ್ವ, ಜ್ವರ ಬಂದಿತ್ತಾ?"

ನೋಡಿ, ನಮ್ಮ ಕಡೆ ಬ್ರೆಡ್ಡು ಅಂದರೆ ಜ್ವರ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವ ಸಾಮಾನು ಅದು. ಗಟ್ಟಿಮುಟ್ಟಾಗಿರುವ ಮಗುವಿಗೆ ರಾತ್ರಿ ಮೇಲೆ ರಾತ್ರಿ ಬ್ರೆಡ್ಡು ಕೊಡುವ ತಾಯಿ ಎಂಥವಳಿರಬೇಕು?

ಫೋನಿನಲ್ಲಿದ್ದವರು ನನ್ನ ಅತ್ತೆ. ಅರಕಲಗೂಡಿನ ಪಕ್ಕದ ಹಳ್ಳಿಯವರು. ಈ ಅಂಕಣವನ್ನು ವಾರವಾರ ಓದುವವರಿಗೆ ನನ್ನ ಕತೆ ಗೊತ್ತು. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಗಂಡ ಅನ್ನಿಸಿಕೊಂಡವರು ಬೇರೆ ಸಂಸಾರ ಕಟ್ಟಿಕೊಂಡು ಮಂಗಳೂರಿನಲ್ಲಿದ್ದಾರೆ. ನಾನೂ ಮಗಳೂ ಹಾಸನದ ಎರಡು ರೂಮಿನ ಬಾಡಿಗೆ ಮನೆಯಲ್ಲಿದ್ದೇವೆ. ಮಗ ಬಿಟ್ಟರೂ ಅತ್ತೆ ನಮ್ಮನ್ನು ಬಿಟ್ಟಿಲ್ಲ. ಇದು ಪ್ರೀತಿಯೋ ಶಿಕ್ಷೆಯೋ ಅಂತ ನಾನು ಇನ್ನೂ ತೀರ್ಮಾನ ಮಾಡಿರಲಿಲ್ಲ.

ಫೋನು ನನ್ನ ಕೈಗೆ ಬಂದಾಗ ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ನಾನೂ ಎರಡು ಮಾತು ಆಡುತ್ತಿದ್ದೆ. ಗುರುವಾರ ಬರುತ್ತೇನೆ, ಒಂದು ರಾತ್ರಿ ಇರುತ್ತೇನೆ ಅಂದರು. ಮಗು ಏನು ಉಣ್ಣುತ್ತೆ, ಎಷ್ಟು ಹೊತ್ತಿಗೆ ಉಣ್ಣುತ್ತೆ, ಕಣ್ಣಾರೆ ನೋಡಬೇಕಂತೆ. ಆಮೇಲೆ ಬಂತು ನಿಜವಾದ ಮಾತು.

"ಸರಿ ಕಾಣ್ನಿಲ್ಲ ಅಂದ್ರೆ ಮಗೀನ ನಾನು ಕರ್ಕೊಂಡೋಯ್ತೀನಿ. ನೀನು ರಜಕ್ಕೆ ಬಂದು ನೋಡ್ಕೊಂಡೋಗು."

ಅತ್ತೆ ಹೆದರಿಸಲು ಮಾತಾಡುವವರಲ್ಲ. ಆಡಿದರೆ ಮಾಡಿದರು ಅಂತಲೇ ಲೆಕ್ಕ. ನಾನು ಹೆದರಿದ್ದು ಅವರ ದನಿಗಲ್ಲ. ಅವರ ಮಾತಿನಲ್ಲಿ ನ್ಯಾಯವಿತ್ತು. ಅಲ್ಲಿ ಕರೆದ ಹಾಲಿದೆ. ಜೊತೆಗಾಡಲು ದೊಡ್ಡಪ್ಪನ ಮಕ್ಕಳಿದ್ದಾರೆ. ಅರಕಲಗೂಡಿನ ಸ್ಕೂಲಿನ ವ್ಯಾನು ಬಾಗಿಲಿಗೇ ಬರುತ್ತೆ. ಸಂಜೆ ಏಳಕ್ಕೆಲ್ಲ ಬಿಸಿಬಿಸಿ ಊಟ. ಇಲ್ಲಿ? ಇಲ್ಲಿ ನಾನಿದ್ದೇನೆ. ನಾನು ಇರುವುದೂ ಏಳು ಗಂಟೆಯ ಮೇಲೆ.

ನನ್ನ ಕೆಲಸ ಹೊಳೆನರಸೀಪುರದ ಒಂದು ಬ್ಯಾಂಕಿನಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಪ್ಯಾಸೆಂಜರ್ ರೈಲು. ಸ್ಕೂಲು ಬಿಟ್ಟ ಮೇಲೆ ಇಂಚರಾ ಪಕ್ಕದ ಮನೆಯ ಸುಮಿತ್ರಾ ಆಂಟಿ ಹತ್ತಿರ ಇರುತ್ತಾಳೆ. ನಾನು ಮನೆ ಸೇರಿ, ಬ್ಯಾಗು ಬಿಸಾಕಿ, ಸೀರೆ ಬಿಚ್ಚಿ ನೈಟಿ ಹಾಕುವುದರೊಳಗೆ "ಅಮ್ಮಾ ಹಸಿವು" ಅನ್ನುವ ಸೈರನ್ ಶುರು. ವಾರದಲ್ಲಿ ಮೂರು ದಿನ ಹೇಗೋ ಒಲೆ ಹಚ್ಚುತ್ತೇನೆ. ಇನ್ನುಳಿದ ದಿನ ಒಲೆಯನ್ನು ನೋಡಿದರೆ ಅಳು ಬರುತ್ತೆ. ಅವತ್ತು ಬ್ರೆಡ್ಡು.

ಐಡಿಯಾ ಸಿಗಲಿ ಅಂತ ಮೊಬೈಲಿನಲ್ಲಿ ಹುಡುಕಿದ್ದೂ ಉಂಟು. "ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ಹತ್ತೇ ನಿಮಿಷದ ಡಿನ್ನರ್!" ಅಂತ ಬರುತ್ತವಲ್ಲ ರೀಲ್ಸು, ಅವು. ಅದರಲ್ಲಿ ಒಬ್ಬಳು ನಗುನಗುತ್ತಾ ಬಂದು ನಿಲ್ಲುತ್ತಾಳೆ. ಮುಂದೆ ಗಾಜಿನ ಬಟ್ಟಲುಗಳು. ಒಂದರಲ್ಲಿ ಹೆಚ್ಚಿದ ಈರುಳ್ಳಿ, ಒಂದರಲ್ಲಿ ಹೆಚ್ಚಿದ ಕ್ಯಾರೆಟ್, ಒಂದರಲ್ಲಿ ಬೇಯಿಸಿಟ್ಟ ಕಾಳು. ಅವಳು ಎಲ್ಲವನ್ನೂ ಬಾಣಲೆಗೆ ಸುರಿದು ಬೀಗುತ್ತಾಳೆ. ತಾಯಿ, ಆ ಬಟ್ಟಲುಗಳಿಗೆ ಹೆಚ್ಚಿ ತುಂಬಿದವರು ಯಾರು? ಅವರನ್ನು ಒಂದು ಸಲ ನಮ್ಮ ಮನೆಗೆ ಕಳಿಸಿ, ಕಾಲಿಗೆ ಬಿದ್ದು ಆಶೀರ್ವಾದ ತಗೊಳ್ಳುತ್ತೇನೆ.

ಇರಲಿ. ಗುರುವಾರ ಅತ್ತೆ ಬರುತ್ತಾರೆ. ಏನು ಮಾಡಿ ಬಡಿಸಲಿ? ಬುದ್ಧಿ ಇದ್ದವಳಾದರೆ ಅನ್ನ, ತಿಳಿಸಾರು, ಒಂದು ಪಲ್ಯ ಅಂತ ಮುಗಿಸುತ್ತಿದ್ದಳು. ನಾನು ಏನು ನಿರ್ಧಾರ ಮಾಡಿದೆ ಗೊತ್ತಾ? ಹಿತಕಿದ ಬೇಳೆ ಸಾರು, ಮುದ್ದೆ.

ಓದುವ ಗಂಡಸರಲ್ಲಿ ಕೆಲವರಿಗೆ ಇದರ ಗಾಂಭೀರ್ಯ ತಿಳಿಯಲಿಕ್ಕಿಲ್ಲ. (ಉಂಡು ಗೊತ್ತು, ಮಾಡಿ ಗೊತ್ತಿಲ್ಲ.) ಅವರೆಕಾಯಿ ಸುಲಿದು ಕಾಳು ತೆಗೆಯಬೇಕು. ಕಾಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಕು. ಬೆಳಿಗ್ಗೆ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತಕಬೇಕು. ಪುಳಕ್ಕೆಂದು ಬೇಳೆ ಈಚೆ ಬರುತ್ತೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತೆ. ಒಂದೊಂದೇ ಕಾಳು ಸ್ವಾಮೀ! ಭಾನುವಾರ ಮನೆಮಂದಿಯೆಲ್ಲ ಸುತ್ತ ಕೂತು ಮಾಡುವ ಕೆಲಸವನ್ನು ನಾನು ಗುರುವಾರಕ್ಕೆ ಹಾಕಿಕೊಂಡಿದ್ದೆ. ಯಾಕೆ? ಅವರೆ ಕಾಲ, ಅತ್ತೆಗೆ ಅದು ಪ್ರಾಣ, ಮತ್ತು ನನಗೆ ಗೆಲ್ಲಬೇಕಿತ್ತು.

ಬುಧವಾರ ರಾತ್ರಿ ನೆನೆಹಾಕಿದೆ. ಗುರುವಾರ ಬೆಳಿಗ್ಗೆ ನೀರು ಬಸಿದು ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಬ್ಯಾಂಕಿಗೆ ಹೋದೆ. ಲಂಚ್ ಟೈಮಿನಲ್ಲಿ ಹಿತಕೋಣ ಅಂತ ಪ್ಲಾನು. ಅವತ್ತೇ ಸರ್ವರ್ ಮಲಗಬೇಕೇ? ಲಂಚೂ ಇಲ್ಲ, ಹಿತಕುವುದೂ ಇಲ್ಲ. ಕೌಂಟರಿನ ಆಚೆ ನಿಂತ ಜನರ ಕೋಪ ಹಿತಕಿದ್ದೇ ಬಂತು.

ಸಂಜೆ ರೈಲು ಹತ್ತಿದಾಗ ಡಬ್ಬಿ ಹಾಗೇ ತುಂಬಿತ್ತು. ಲೇಡೀಸ್ ಬೋಗಿಯಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ನಾಚಿಕೆ ಬಿಟ್ಟು ಡಬ್ಬಿ ತೊಡೆ ಮೇಲಿಟ್ಟುಕೊಂಡು ಶುರುಮಾಡಿದೆ. ಹಾಸನಕ್ಕೆ ಇನ್ನು ಮುಕ್ಕಾಲು ಗಂಟೆಯೂ ಇಲ್ಲ. ನನ್ನ ಬೆರಳಿನ ಸ್ಪೀಡಿಗೆ ಹೋದರೆ ರೈಲು ಅರಸೀಕೆರೆ ದಾಟಿ ದೆಹಲಿ ಮುಟ್ಟಬೇಕಿತ್ತು.

ಎದುರು ಸೀಟಿನಲ್ಲಿ ಹಳ್ಳಿಮೈಸೂರಿನಲ್ಲಿ ಹತ್ತಿದ ಒಬ್ಬ ಹೆಂಗಸು ಕೂತಿದ್ದರು. ವಯಸ್ಸಾದವರು, ಹಾಸನದಲ್ಲಿರುವ ಮಗಳ ಮನೆಗೆ ಹೊರಟವರು. ಸ್ವಲ್ಪ ಹೊತ್ತು ನನ್ನ ಬೆರಳನ್ನೇ ನೋಡಿದರು. ತಡೆಯಲಾಗಲಿಲ್ಲ ಅನ್ನಿಸುತ್ತೆ. ಇಷ್ಟು ಅವಸರ ಯಾಕವ್ವ ಅಂತ ಕೇಳಿದರು.

"ಮನೆಗೆ ಅತ್ತೆ ಬಂದಿದಾರೆ," ಅಂದೆ.

ಅಷ್ಟೇ. ಇನ್ನೇನೂ ಹೇಳಬೇಕಾಗಲಿಲ್ಲ. 'ಅತ್ತೆ' ಅನ್ನುವ ಆ ಎರಡಕ್ಷರ ಕಿವಿಗೆ ಬಿದ್ದದ್ದೇ ತಡ, ಅಕ್ಕಪಕ್ಕದವರೆಲ್ಲ ನನ್ನ ಕಡೆ ತಿರುಗಿದರು. ಹಳ್ಳಿಮೈಸೂರಿನವರು "ತತ್ತಾ ಇಲ್ಲಿ" ಅಂತ ಸೆರಗು ಹಾಸಿ ಬೊಗಸೆ ತುಂಬ ಕಾಳು ತೆಗೆದುಕೊಂಡರು. ಪಕ್ಕದಲ್ಲಿದ್ದ ನರ್ಸಮ್ಮ ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದರೆ, ಆ ವಾಸನೆ ನೀರು ಹಚ್ಚಿದರೆ ಸಾರು ಕೆಡುತ್ತೆ ಅಂತ ಹಳ್ಳಿಮೈಸೂರಿನವರೇ ಗದರಿಸಿ ಬಾಟಲಿ ನೀರಿನಲ್ಲಿ ಕೈ ತೊಳೆಸಿದರು. ಹೂವಿನ ಬುಟ್ಟಿ ಖಾಲಿ ಮಾಡಿಕೊಂಡು ಹೊರಟಿದ್ದ ಹೆಂಗಸು ಕೈ ಚಾಚಿದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದ ಕಾಲೇಜು ಹುಡುಗಿಯರಿಬ್ಬರು ಅದನ್ನು ಕಿತ್ತು ಕತ್ತಿಗೆ ಇಳಿಬಿಟ್ಟು, ಆಂಟಿ ನಮಗೂ ಕೊಡಿ ಅಂದರು.

ಆಮೇಲೆ ನಡೆದದ್ದನ್ನು ನಾನು ಹೇಗೆ ಬರೆಯಲಿ? ನನಗೆ ಈಗಲೂ ಮೈ ಜುಮ್ಮೆನ್ನುತ್ತೆ. ಆ ಬೆರಳುಗಳ ವೇಗ! ಯಾರೂ ಕಾಳಿನ ಕಡೆ ನೋಡುತ್ತಿಲ್ಲ. ಮಗನ ರಿಸಲ್ಟು, ನಾದಿನಿಯ ಮನೆ ಗೃಹಪ್ರವೇಶ, ಗ್ಯಾಸಿನವನು ಬಾರದಿದ್ದದ್ದು, ಎಲ್ಲ ಮಾತೂ ನಡೆಯುತ್ತಿದೆ. ಕೆಳಗೆ ಬೆರಳು ತಮ್ಮ ಪಾಡಿಗೆ ತಾವು ಪುಳಕ್, ಪುಳಕ್. ಬೇಳೆ ಈ ಕಡೆ, ಸಿಪ್ಪೆ ಆ ಕಡೆ. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ಅವರೆಲ್ಲರೂ ಮನೆಗೆ ಹೋಗಿ ಒಲೆ ಹಚ್ಚಬೇಕಾದವರೇ. ದಿನವಿಡೀ ದುಡಿದು ಬಂದ ಅಷ್ಟೊಂದು ಕೈಗಳು, ಸುಮ್ಮನೆ ಮಡಿಲಲ್ಲಿ ಬಿದ್ದಿರಬಹುದಾಗಿದ್ದ ಕೈಗಳು, ಗುರುತಿಲ್ಲದ ಒಬ್ಬಳ ಮನೆಯ ಸಾರಿಗೆ ಓಡುತ್ತಿದ್ದವು. ನಾನು ಹಿತಕುವುದನ್ನು ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತೆ.

ಮಾವಿನಕೆರೆ ಬರುವ ಹೊತ್ತಿಗೆ ಅರ್ಧ ಡಬ್ಬಿ ಮುಗಿದಿತ್ತು. ಹಾಸನದ ದೀಪಗಳು ಕಾಣುವ ಹೊತ್ತಿಗೆ ಪೂರ್ತಿ ಮುಗಿದಿತ್ತು. ನನ್ನ ಬ್ಯಾಗಿನಲ್ಲಿದ್ದ, ಒಂದೇ ಬಟ್ಟೆ ಅಂಗಡಿಯ ಎರಡು ಹಳದಿ ಕವರುಗಳಲ್ಲಿ ಬೇಳೆ ಒಂದಕ್ಕೆ, ಸಿಪ್ಪೆ ಒಂದಕ್ಕೆ. ಸಿಪ್ಪೆಯನ್ನು ಮಗಳ ಮನೆಯ ಹಸುವಿಗೆ ಹಾಕುತ್ತೇನೆ ಅಂತ ಹಳ್ಳಿಮೈಸೂರಿನವರು ಕೇಳಿಕೊಂಡರು. ಎರಡನ್ನೂ ಭದ್ರವಾಗಿ ಗಂಟು ಹಾಕಿ ಸೀಟಿನ ಮೇಲಿಟ್ಟರು. ರೈಲು ನಿಂತಿತು. ನೂಕುನುಗ್ಗಲು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ನಾನು ಎಲ್ಲರಿಗೂ ಕೈ ಮುಗಿಯುತ್ತಾ, ಕವರು ಎಳೆದುಕೊಂಡು ಇಳಿದೆ.

ಮುಂದಿನದನ್ನು ನೀವು ಊಹಿಸಿಬಿಟ್ಟಿರಿ. ನಾನು ಊಹಿಸಿರಲಿಲ್ಲ.

ಮನೆಯಲ್ಲಿ ಅತ್ತೆ ದಿವಾನದ ಮೇಲೆ ಕಾಲು ಚಾಚಿ ಕೂತಿದ್ದರು. ಇಂಚರಾ ಅವರ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಳು. ನಾನು ಮುಖ ತೊಳೆದು, ಬಹಳ ಗತ್ತಿನಿಂದ, ಇವತ್ತು ಹಿತಕಿದ ಬೇಳೆ ಅತ್ತೆ ಅಂದೆ. ಅತ್ತೆ ಹುಬ್ಬೇರಿಸಿದರು. ಎದ್ದು ಅಡಿಗೆಮನೆ ಬಾಗಿಲಿಗೆ ಬಂದು ನಿಂತರು. ನಾನು ಗಂಟು ಬಿಚ್ಚಿ ಪಾತ್ರೆಗೆ ಸುರಿದೆ.

ಸಿಪ್ಪೆ. ಬರೀ ಸಿಪ್ಪೆ.

ಅತ್ತೆ ಹತ್ತಿರ ಬಂದು ಒಂದು ಹಿಡಿ ಸಿಪ್ಪೆ ತೆಗೆದು ನೋಡಿ, ಮತ್ತೆ ಪಾತ್ರೆಗೇ ಹಾಕಿದರು. ಹಸುವಿದ್ದಿದ್ದರೆ ಚೆನ್ನಾಗಿತ್ತು ಅಂದರು, ನಗದೇ. ನಾನು ಅಲ್ಲೇ ನಿಂತು ರೈಲಿನ ಕತೆ ಪೂರ್ತಿ ಒದರಿದೆ. ಅತ್ತೆ ಗಡಿಯಾರ ನೋಡಿದರು. ನನಗೆ ಕಂಡದ್ದು ಗಡಿಯಾರವಲ್ಲ, ಅರಕಲಗೂಡಿನ ಸ್ಕೂಲ್ ವ್ಯಾನು.

ಆಗ ಇಂಚರಾ ಒಳಗೆ ಬಂದಳು. ಪಾತ್ರೆ ನೋಡಿದಳು. ನನ್ನ ಮುಖ ನೋಡಿದಳು. ಮೂಲೆಯಲ್ಲಿದ್ದ ಅವಳ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು, ಬೆಳ್ಳುಳ್ಳಿ ಡಬ್ಬಿ ಕೆಳಗಿಳಿಸಿ, "ಹಂಗಾದ್ರೆ ಗೊಜ್ಜು ಮುದ್ದೆ ಮಾಡಣ ಅಮ್ಮ," ಅಂತ ಸುಲಿಯಲು ಕೂತಳು.

ಅತ್ತೆ ಬಾಗಿಲಲ್ಲೇ ಕೇಳಿದರು, ಮಗೀನ ಕೈಲಿ ಬೆಳ್ಳುಳ್ಳಿ ಸುಲಿಸ್ತೀಯ ಅಂತ. ನಾನು ಬಾಯಿ ತೆರೆಯುವ ಮೊದಲೇ ಮಗಳು, ಅಜ್ಜಿ ಇದು ನನ್ನ ಡಿಪಾರ್ಟ್‌ಮೆಂಟು, ಅಮ್ಮನ್ನ ಬಯ್ಯಬೇಡ ಅಂದಳು. ಮುಗಿಯಿತು ಕತೆ ಅಂದುಕೊಂಡೆ ನಾನು. ಆದರೆ ಸುಮ್ಮನೆ ನಿಂತರೆ ಆಗುತ್ತಾ? ಹೊಟ್ಟೆ ಕೇಳುತ್ತಾ? ಎಸರಿಟ್ಟೆ.

ಗೊಜ್ಜು ಮುದ್ದೆ ಅಂದರೆ ನಮ್ಮಿಬ್ಬರ ಕಷ್ಟಕಾಲದ ಊಟ. ಬ್ರೆಡ್ಡಿನ ದಿನವಲ್ಲದ ದಿನ ಇದೇ. ಒಂದು ಉರಿಯಲ್ಲಿ ಎಸರು ಕುದಿಯುತ್ತಿರುತ್ತೆ. ಇನ್ನೊಂದರ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಇದ್ದರೆ ಒಂದು ಬದನೆಕಾಯಿ, ಸಿಪ್ಪೆ ಕಪ್ಪಾಗುವ ತನಕ ಸುಡುತ್ತೇನೆ. ಹುಣಸೆಹಣ್ಣು ಕಿವುಚುವುದು ಇಂಚರಾ. ಮೆಣಸಿನಕಾಯಿ ಕಿವುಚುವುದು ನಾನು. (ಒಂದು ಸಲ ಅದಲುಬದಲಾಗಿ ಇಡೀ ರಾತ್ರಿ ಅವಳ ಕೈಗೆ ಮೊಸರು ಹಚ್ಚಿದ್ದಾಗಿದೆ.) ಉಪ್ಪು, ಬೆಳ್ಳುಳ್ಳಿ, ಚೂರು ಬೆಲ್ಲ. ಜೊತೆಗೆ ಬೇಯಿಸಿದ ಮೊಟ್ಟೆ. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು, ಕೋಲು ನೆಟ್ಟು ಬೇಯಲು ಬಿಟ್ಟೆ. ಇಂಚರಾ ತಟ್ಟೆ ಹಾಕಿದಳು, ನೀರು ಇಟ್ಟಳು, ಮೊಟ್ಟೆ ಸುಲಿದಳು. ಇಬ್ಬರೂ ಮಾತಾಡಲಿಲ್ಲ, ಒಬ್ಬರಿಗೊಬ್ಬರು ಅಡ್ಡವೂ ಬರಲಿಲ್ಲ. ನಾನು ಬಗ್ಗಿದರೆ ಅವಳು ಸರಿಯುತ್ತಾಳೆ, ಕೈ ಚಾಚಿದರೆ ಇಕ್ಕಳ ಕೈಗೆ ಬರುತ್ತೆ. ನಾವಿಬ್ಬರೂ ಇಷ್ಟು ಚೆನ್ನಾಗಿ ಪಳಗಿದ್ದೇವೆ ಅಂತ ನನಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ಒಬ್ಬರು ನಿಂತು ನೋಡುತ್ತಿದ್ದಾಗಲೇ ಅದು ನನ್ನ ಕಣ್ಣಿಗೂ ಬಿದ್ದದ್ದು. ಎಂಟಕ್ಕೆ ಮೊದಲೇ ಮೂರು ಮುದ್ದೆ ತಟ್ಟೆಯಲ್ಲಿ ಹೊಗೆಯಾಡುತ್ತಿದ್ದವು.

ನಾವು ಉಣ್ಣುವುದು ಅಡಿಗೆಮನೆಯ ನೆಲದ ಮೇಲೆ. ಗೊಜ್ಜಿನ ಪಾತ್ರೆ ನಡುವೆ, ಸುತ್ತ ತಟ್ಟೆ. ನಾವಿಬ್ಬರೂ ಕೂತೆವು. ಅತ್ತೆ ಕೂರಲಿಲ್ಲ. ಸೌಟು ಕೈಗೆ ತಗೊಂಡು ನಮ್ಮ ಹಿಂದೆ ನಿಂತರು.

"ನೀವಿಬ್ರು ಉಣ್ಣಿ. ನಾ ಇಕ್ತೀನಿ. ಆಮೇಕ್ ಉಣ್ತೀನಿ."

"ನಮ್ಮನೇಲಿ ಇಕ್ಕೋರು ಅಂತ ಇಲ್ಲ ಅಜ್ಜಿ," ಅಂದಳು ಇಂಚರಾ. "ಎಲ್ರೂ ಒಟ್ಗೆ. ಕೂತ್ಕೋ, ಮುದ್ದೆ ಗಟ್ಟಿಯಾಗುತ್ತೆ."

ಅತ್ತೆ ನನ್ನ ಮುಖ ನೋಡಿದರು. ನಾನು ಜಾಗ ಬಿಟ್ಟು ಸರಿದೆ. ಅವರು ಕೂತರು, ಯಾರದೋ ಮನೆಗೆ ಮೊದಲ ಸಲ ಬಂದವರ ಹಾಗೆ, ಅಂಚಿಗೆ. ಸೌಟನ್ನು ಎಲ್ಲಿಡಬೇಕು ಅಂತ ತಿಳಿಯದೆ ಮಡಿಲಲ್ಲಿಟ್ಟುಕೊಂಡರು. ಮುದ್ದೆ ಮುರಿಯಲು ಬೆರಳು ಹಾಕಿದರು.

ಚಕ್ಕನೆ ಕೈ ಹಿಂದಕ್ಕೆ ತೆಗೆದರು.

"ಸುಡ್ತದೆ," ಅಂದರು.

ಈ ಕೈ ಯಾವುದು ಅಂತ ನಿಮಗೆ ಹೇಳಬೇಕು. ಉರಿಯುವ ಒಲೆಯಿಂದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವ ಕೈ ಅದು. ಕೊತಕೊತ ಬೆಂದ ಹಿಟ್ಟನ್ನು ಅಂಗೈಯಲ್ಲಿ ಹೊರಳಿಸಿ ಇಡೀ ಮನೆಗೆ ಮುದ್ದೆ ಕಟ್ಟುವ ಕೈ. ಆ ಕೈ ತನ್ನ ಸ್ವಂತ ತಟ್ಟೆಯ ಮುದ್ದೆಗೆ ಬೆಚ್ಚಿತು. ಅಂಗೈ ಬಿಸಿಯನ್ನು ಬಲ್ಲದು. ಉಣ್ಣುವ ಬೆರಳಿಗೆ ಅದರ ಅಭ್ಯಾಸವೇ ಇಲ್ಲ.

ಅತ್ತೆ ಊದಿಕೊಂಡು, ಸಣ್ಣ ತುತ್ತು ಮುರಿದು, ಗೊಜ್ಜಿನಲ್ಲಿ ಹೊರಳಿಸಿ ನುಂಗಿದರು. ಕಣ್ಣು ಮುಚ್ಚಿದರು. ಇನ್ನೊಂದು ತುತ್ತು. ಮತ್ತೊಂದು. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದರು.

"ಬಿಸಿ ಮುದ್ದೆ ಯಾವತ್ತು ಉಂಡಿದ್ದೆ ಅಂತ ನೆಪ್ಪೇ ಇಲ್ಲ ಕಣವ್ವ. ಮದ್ವೆ ಆದಾಗ್ಲಿಂದ ಇಲ್ಲ."

ನಾನೂ ಆ ಮನೆಯಲ್ಲಿ ಸಂಸಾರ ಮಾಡಿದವಳೇ. ಮೊದಲು ಉಣ್ಣುವವರು ಮಾವ. ಆಮೇಲೆ ಮಕ್ಕಳು, ಅಂದರೆ ಮೀಸೆ ಬಂದ ಮಕ್ಕಳು. ಆಮೇಲೆ ಆಳುಗಳು. ನಡುವೆ ಯಾರಾದರೂ ನೆಂಟರು ಬಂದರೆ ಅವರು. ಆಮೇಲೆ ಮೊಮ್ಮಕ್ಕಳು. ಎಲ್ಲರೂ ಕೈ ತೊಳೆದಾದ ಮೇಲೆ ಅತ್ತೆ, ಪಾತ್ರೆಯ ತಳ ಕೆರೆದು, ಆರಿ ಗಟ್ಟಿಯಾದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಉಣ್ಣುತ್ತಿದ್ದರು. ಸೊಸೆಯಾಗಿ ನಾನೂ ಪಕ್ಕದಲ್ಲಿ ಕೂತು ಹಾಗೇ ಉಂಡಿದ್ದೇನೆ. ಚನ್ನರಾಯಪಟ್ಟಣದ ನನ್ನ ತವರಿನಲ್ಲಿ ಅಮ್ಮನೂ ಹಾಗೇ. ನನಗೆ ಕೆಲವೇ ವರ್ಷಕ್ಕೆ ಅದು ತಪ್ಪಿತು. ತಪ್ಪಿದ್ದು ಒಳ್ಳೆಯ ರೀತಿಯಲ್ಲಲ್ಲ, ಆದರೂ ತಪ್ಪಿತು. ಇವರಿಗೆ? ಬಂದವರಿಗೆಲ್ಲ ಬಿಸಿ ಮುದ್ದೆ ಕಟ್ಟಿಕೊಟ್ಟು, ಒಂದು ದಿನವೂ ಮುಖ ಸಿಂಡರಿಸದೆ, ತಣ್ಣಗಿನದನ್ನು ನುಂಗುತ್ತಾ ಒಂದು ಆಯುಷ್ಯ ಕಳೆದ ಹೆಂಗಸು ನನ್ನ ಮುಂದೆ ಕೂತಿದ್ದರು. ಮೊಮ್ಮಗಳಿಗೆ ಬಿಸಿ ಊಟ ಸಿಗುತ್ತಿಲ್ಲವಲ್ಲ ಅಂತ ಸಂಕಟಪಟ್ಟು ಬಸ್ಸು ಹತ್ತಿ ಬಂದಿದ್ದರು. ಇಂಥ ಜೀವಕ್ಕೆ ಏನನ್ನಬೇಕು ಹೇಳಿ? ನನಗೆ ಕೈ ಮುಗಿಯಬೇಕು ಅನ್ನಿಸಿತು. ಎಂಜಲು ಕೈ, ಸುಮ್ಮನಾದೆ.

ಇಂಚರಾ ಮಾತ್ರ ಬಿಡಲಿಲ್ಲ. "ಮತ್ತೆ ಬಿಸಿ ಇರುವಾಗ್ಲೇ ಯಾಕೆ ಉಣ್ಣಲ್ಲ ಅಜ್ಜಿ? ಯಾರು ಬೇಡ ಅಂತಾರೆ?"

ಅತ್ತೆ ಯೋಚನೆ ಮಾಡಿದರು. ನಿಜವಾಗಿಯೂ ಯೋಚನೆ ಮಾಡಿದರು.

"ಯಾರೂ ಅನ್ನಲ್ಲ ಕಣ್ ಮಗ," ಅಂದರು. "ಯಾರೂ ಉಣ್ಣು ಅಂತಾನೂ ಅನ್ನಲ್ಲ."

ಅವತ್ತು ಅವರು ಎರಡು ಮುದ್ದೆ ಉಂಡರು. ಎರಡನೆಯದಕ್ಕೆ ನಾನು ಮತ್ತೆ ಒಲೆ ಹಚ್ಚಿದೆ. ಬೇಡ ಬೇಡ ಅಂತಲೇ ತಟ್ಟೆ ಮುಂದೆ ಹಿಡಿದರು.

ಬೆಳಿಗ್ಗೆ ನಾನು ಉಪ್ಪಿಟ್ಟು ಕೆದಕುತ್ತಾ ಒಲೆ ಮುಂದೆ ನಿಂತಿದ್ದೆ. ಹಿಂದೆ ಅತ್ತೆ ಬ್ಯಾಗು ಜೋಡಿಸುವ ಸದ್ದು. ಬೀರುವಿನ ಬಾಗಿಲು ತೆರೆಯಿತು. ಇಂಚರಾಳ ಬಟ್ಟೆ ಇರುವುದು ಆ ಬೀರುವಿನಲ್ಲೇ. ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ. ಉಪ್ಪಿಟ್ಟು ತಳ ಹಿಡಿಯುತ್ತಿದ್ದರೂ ಕೆದಕುತ್ತಲೇ ಇದ್ದೆ.

ಅತ್ತೆ ಬೀರುವಿನಿಂದ ಅವಳ ಯೂನಿಫಾರ್ಮ್ ತೆಗೆದು, ಕೊಡವಿ, ಮಗಳ ಕೈಗೆ ಕೊಟ್ಟರು. ಸ್ಕೂಲಿಗೆ ಹೊತ್ತಾಯ್ತು ಅಂದರು. ನನ್ನ ಹತ್ತಿರ ಬಂದು ಗ್ಯಾಸು ಆರಿಸಿದರು.

"ಮಗು ಇಲ್ಲೇ ಇರ್ಲಿ," ಅಂದರು. ಅಷ್ಟೇ.

ನಾನು ಅತ್ತೆ ಅಂದೆ. ಅವರು ಕೇಳಿಸಿಕೊಳ್ಳದವರ ಹಾಗೆ ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಮೆಟ್ಟಿಕೊಂಡವರು ಹೋಗಲಿಲ್ಲ, ನಿಂತರು. ನಮ್ಮ ಅತ್ತೆ ಈ ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳಿದ್ದು ನಾನು ನೋಡಿಲ್ಲ. ಹೇಳುತ್ತಾರೆ, ಮಾಡುತ್ತಾರೆ, ಕೇಳುವುದಿಲ್ಲ. ಅವತ್ತು ನೆಲ ನೋಡುತ್ತಾ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು.

"ಬರೋ ಗುರುವಾರ ನಾನು ಬಂದ್ರೆ ಆಯ್ತದಾ? ರಾತ್ರಿ ಊಟಕ್ಕೆ?"

ಈಗ ಪ್ರತಿ ಗುರುವಾರ ಸಂಜೆ ಅತ್ತೆ ಬರುತ್ತಾರೆ. ಊರಿನಲ್ಲಿ ಜನ ಏನೇನೋ ಕೇಳುತ್ತಾರಂತೆ, ಅತ್ತೆ ಮೊಮ್ಮಗಳನ್ನು ನೋಡೋಕೆ ಅಂತಾರಂತೆ. ಇಂಚರಾ ಬಾಗಿಲಲ್ಲೇ ಅವರ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದು ಮೊದಲು ಅವರನ್ನೇ ಕೂರಿಸುತ್ತಾಳೆ.

ಅಂದಹಾಗೆ, ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂತವರ ತಟ್ಟೆ ಬಿಸಿಯಿತ್ತಾ?